ಗೋಧಿ, ಕಳೆನಾಶಕ ಮತ್ತು ನಮ್ಮ ಹೊಟ್ಟೆ



ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಮಗುವಿಗೆ ಬ್ರೆಡ್ಡು ಆಗುವುದಿಲ್ಲ ಎಂಬ ಮಾತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇದಕ್ಕೆಲ್ಲ ಕಳೆನಾಶಕವೇ ಕಾರಣ, ಅದು ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು. ನಾವು ಕೃಷಿಕರು. ಊಟ ಮಾಡುವವರೂ ನಾವೇ, ತೋಟಕ್ಕೆ ಮದ್ದು ಬಿಡುವವರೂ ನಾವೇ. ಆದುದರಿಂದ ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಗೋಧಿಯ ಅಂಟು

ಗೋಧಿಹಿಟ್ಟನ್ನು ನಾದಿದಾಗ ಅದು ರಬ್ಬರಿನಂತೆ ಎಳೆದಷ್ಟೂ ಬರುತ್ತದೆಯಲ್ಲವೇ? ಅದಕ್ಕೆ ಕಾರಣವಾದ ಅಂಟಿನ ಅಂಶವೇ ಗ್ಲುಟೆನ್. ಬಾರ್ಲಿಯಲ್ಲೂ ಈ ಜಾತಿಯ ಅಂಶವಿದೆ. ಅಕ್ಕಿ, ರಾಗಿ, ಜೋಳಗಳಲ್ಲಿ ಇಲ್ಲ. ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೆಲವರ ದೇಹ ಈ ಅಂಟನ್ನು ಶತ್ರುವೆಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದೆ. ಆ ಯುದ್ಧದಲ್ಲಿ ಹಾಳಾಗುವುದು ಸಣ್ಣ ಕರುಳಿನ ಒಳಗೋಡೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಬೆರಳಿನಂಥ ಎಳೆಗಳು ಅಲ್ಲಿ ಸವೆದು ಚಪ್ಪಟೆಯಾಗುತ್ತವೆ. ಇದೇ ಸೀಲಿಯಾಕ್ ರೋಗ. ಮಗು ತಿಂದರೂ ಬೆಳೆಯುವುದಿಲ್ಲ; ಭೇದಿ, ಹೊಟ್ಟೆ ಉಬ್ಬರ, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ ಕಾಣಿಸುತ್ತದೆ. ಈ ರೋಗಕ್ಕೆ ಒಲವು ವಂಶದಿಂದ ಬರುತ್ತದೆ. ಆದರೆ ಆ ಒಲವು ಇದ್ದವರಿಗೆಲ್ಲ ರೋಗ ಬರುವುದಿಲ್ಲ.

ರೋಗ ಹಳೆಯದು, ಮದ್ದು ಹೊಸದು

ಲಂಡನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ರೋಗದ ಲಕ್ಷಣಗಳನ್ನು 1888ರಲ್ಲೇ ಸ್ಪಷ್ಟವಾಗಿ ಬರೆದಿಟ್ಟಿದ್ದರು. ಕಾರಣ ಗೋಧಿ ಎಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಕ್ಷಾಮ ಬಂತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ರೋಗವೂ ಮರಳಿತು. ಡಿಕ್ಕೆ ಅವರ ಪ್ರಬಂಧ ಹೊರಬಂದದ್ದು 1950ರಲ್ಲಿ.

ಈಗ ಕಳೆನಾಶಕದ ವಿಷಯ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಗ್ಲೈಫೋಸೇಟ್‌ಗೆ ಕಳೆ ಕೊಲ್ಲುವ ಗುಣ ಇದೆಯೆಂದು ಅಮೆರಿಕದಲ್ಲಿ ಗೊತ್ತಾದದ್ದು 1970ರಲ್ಲಿ. ರೌಂಡಪ್ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದದ್ದು 1974ರಲ್ಲಿ. ಅಂದರೆ ಈ ಮದ್ದು ಹುಟ್ಟುವ ಮೊದಲೇ ರೋಗ ಇತ್ತು, ಅದರ ಕಾರಣವೂ ತಿಳಿದಿತ್ತು.

ಹಾಗಾದರೆ ಆರೋಪ ಹುಟ್ಟಿದ್ದು ಎಲ್ಲಿ? 2013ರಲ್ಲಿ ಅಮೆರಿಕದ ಆಂಥೊನಿ ಸ್ಯಾಮ್ಸೆಲ್ ಮತ್ತು ಸ್ಟೆಫನಿ ಸೆನೆಫ್ ಒಂದು ಲೇಖನ ಬರೆದರು. ಗೋಧಿಗೆ ಸಿಂಪಡಿಸುವ ಗ್ಲೈಫೋಸೇಟ್ ಹೆಚ್ಚಿದಂತೆ ಸೀಲಿಯಾಕ್ ರೋಗಿಗಳೂ ಹೆಚ್ಚಿದ್ದಾರೆಂದು ನಕ್ಷೆ ಹಾಕಿ ತೋರಿಸಿದರು. ಆದರೆ ಅವರು ರೋಗಿಗಳನ್ನು ಪರೀಕ್ಷಿಸಿರಲಿಲ್ಲ, ಪ್ರಯೋಗವನ್ನೂ ಮಾಡಿರಲಿಲ್ಲ. ಮಳೆಗಾಲದಲ್ಲಿ ಕಪ್ಪೆ ಕೂಗುತ್ತದೆ, ಅಡಿಕೆಗೆ ಕೊಳೆರೋಗವೂ ಬರುತ್ತದೆ. ಹಾಗೆಂದು ಕಪ್ಪೆಯಿಂದ ಕೊಳೆರೋಗ ಬಂತೆನ್ನಲು ಬರುವುದಿಲ್ಲ. ರೋಗ ಹೆಚ್ಚಿರುವುದು ಮಾತ್ರ ನಿಜ. ಫಿನ್ಲೆಂಡಿನಲ್ಲಿ ಸುಮಾರು ಇಪ್ಪತ್ತು ವರ್ಷಗಳಲ್ಲಿ ಅದು ನೂರಕ್ಕೆ ಒಂದರಿಂದ ಎರಡರ ಹತ್ತಿರಕ್ಕೆ ಏರಿತು. ಕಾರಣದ ಹುಡುಕಾಟ ಇನ್ನೂ ಮುಗಿದಿಲ್ಲ.

ಹೊಟ್ಟೆಯೊಳಗಿನ ಜೀವಿಗಳು

ಗ್ಲೈಫೋಸೇಟ್ ಗಿಡದೊಳಗಿನ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಗಿಡಕ್ಕೆ ಬೇಕಾದ ಮೂರು ಅಮೈನೋ ಆಮ್ಲಗಳು ತಯಾರಾಗದೆ ಅದು ಒಣಗುತ್ತದೆ. ಮನುಷ್ಯರಲ್ಲಿ ಆ ಕಿಣ್ವವೇ ಇಲ್ಲ, ಆದರೆ ನಮ್ಮ ಕರುಳಿನ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಇದೆ. ಆದುದರಿಂದ ಅನುಮಾನ ತಳಬುಡವಿಲ್ಲದ್ದಲ್ಲ. 2018ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ಜೇನುನೊಣಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಈ ಮದ್ದು ಏರುಪೇರು ಮಾಡುತ್ತದೆಂದು ಕಂಡುಕೊಂಡರು. ಅದೇ ವರ್ಷ ಡೆನ್ಮಾರ್ಕಿನವರು ಇಲಿಗಳನ್ನು ಪರೀಕ್ಷಿಸಿದಾಗ ಪರಿಣಾಮ ಅಲ್ಪವೆಂದು ಕಂಡುಬಂತು. ಆ ಅಮೈನೋ ಆಮ್ಲಗಳು ತಿಂದ ಆಹಾರದಿಂದಲೇ ಕರುಳಿನಲ್ಲಿ ಸಾಕಷ್ಟು ಸಿಗುವುದರಿಂದ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆಂದು ಅವರು ವಿವರಿಸಿದರು. ಈ ಮದ್ದಿನ ಶೇಷದಿಂದ ಮನುಷ್ಯರಿಗೆ ಸೀಲಿಯಾಕ್ ಬರುತ್ತದೆಂದು ಈವರೆಗೆ ಸಿದ್ಧವಾಗಿಲ್ಲ.

ನಾವು ತಿನ್ನುವ ಗೋಧಿ

ಕೊಯ್ಲಿಗೆ ಒಂದೆರಡು ವಾರ ಮೊದಲು ಪೈರಿಗೇ ಈ ಮದ್ದು ಬಿಟ್ಟು ಒಣಗಿಸುವ ಪದ್ಧತಿ ಸ್ಕಾಟ್ಲೆಂಡ್, ಕೆನಡಾದಂಥ ತಂಪು, ತೇವದ ನಾಡುಗಳಲ್ಲಿ ಬೆಳೆದುಬಂತು. ಕಾಳಿನಲ್ಲಿ ಶೇಷ ಉಳಿಯುವುದು ಮುಖ್ಯವಾಗಿ ಅದರಿಂದ. ಯುರೋಪಿನ ಒಕ್ಕೂಟ 2023ರಲ್ಲಿ ಗ್ಲೈಫೋಸೇಟ್‌ಗೆ ಮತ್ತೆ ಹತ್ತು ವರ್ಷ ಒಪ್ಪಿಗೆ ಕೊಟ್ಟರೂ ಹೀಗೆ ಪೈರು ಒಣಗಿಸುವುದನ್ನು ನಿಷೇಧಿಸಿತು. ಉತ್ತರ ಭಾರತದಲ್ಲಿ ಗೋಧಿಯ ಕೊಯ್ಲು ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ. ಪೈರು ತಾನಾಗಿ ಒಣಗುತ್ತದೆ.

ನಮ್ಮ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸೀಲಿಯಾಕ್ ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10 ಎಂದು ಅದರಲ್ಲಿ ತಿಳಿದುಬಂತು. ವಂಶದ ಒಲವು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ದೊಡ್ಡ ವ್ಯತ್ಯಾಸವಿದ್ದದ್ದು ತಿನ್ನುವ ಗೋಧಿಯಲ್ಲಿ: ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ, ದಕ್ಷಿಣದವರು 25 ಗ್ರಾಂ. ನಮ್ಮ ಕುಚ್ಚಲಕ್ಕಿಯ ಗಂಜಿ ಈ ದೃಷ್ಟಿಯಿಂದ ನಮಗೆ ಆಸರೆಯಾಗಿರಬಹುದು. ಪರೋಟ, ಬಿಸ್ಕತ್ತು, ಬ್ರೆಡ್ಡು ದಿನನಿತ್ಯದ ಆಹಾರವಾದಂತೆ ಇಲ್ಲಿಯೂ ಎಚ್ಚರ ಬೇಕು.

ಹಾಗಾದರೆ ಕಳೆನಾಶಕ ನಿರಪಾಯವೇ?

ಅಲ್ಲ. ಎಂಡೋಸಲ್ಫಾನಿನ ಸಂಕಟವನ್ನು ಕಂಡ ನಾಡು ನಮ್ಮ ಕಾಸರಗೋಡು. ಅದು ಕೀಟನಾಶಕ, ಬೇರೆ ಜಾತಿಯ ವಿಷ. ಆದರೂ ಮಾರುವವರ ಮಾತನ್ನು ಕಣ್ಣುಮುಚ್ಚಿ ನಂಬಬಾರದೆಂಬ ಪಾಠವನ್ನು ಅದು ಕಲಿಸಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿತು. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಅದೇ ವರ್ಷ ಆ ಸಂಭವ ಕಡಿಮೆಯೆಂದಿತು. ಕೇರಳ ಸರಕಾರ 2019ರಲ್ಲಿ ಇದರ ಮಾರಾಟ ಮತ್ತು ಬಳಕೆಯನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವಂತೂ ಒಂದು ಗುಟುಕು ಒಳಗೆ ಹೋದರೂ ಪ್ರಾಣ ತೆಗೆಯಬಲ್ಲದು. ಅದಕ್ಕೆ ಪ್ರತಿಮದ್ದೇ ಇಲ್ಲ. ಊಟದ ಬಟ್ಟಲಿನ ಶೇಷಕ್ಕಿಂತ ಮದ್ದು ಬಿಡುವವನ ಕೈ, ಕಣ್ಣು, ಉಸಿರಿಗೆ ತಗಲುವ ಪ್ರಮಾಣ ಎಷ್ಟೋ ಹೆಚ್ಚು.

ನಾವು ಮಾಡಬೇಕಾದುದು

1. ಸಂಶಯವಿದ್ದರೆ ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿರಿ. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಗೊತ್ತಾಗದೆ ಹೋಗಬಹುದು. ಇದು ಎಲ್ಲಕ್ಕಿಂತ ಮುಖ್ಯ. ಕಳೆನಾಶಕವೇ ಕಾರಣವೆಂದುಕೊಂಡು ಸಾವಯವ ಗೋಧಿ ತಿನ್ನಿಸಿದರೆ ಸೀಲಿಯಾಕ್ ಇರುವ ಮಗುವಿನ ಕರುಳು ಸವೆಯುತ್ತಲೇ ಇರುತ್ತದೆ.

2. ರೋಗ ಖಚಿತವಾದರೆ ಗೋಧಿ, ಮೈದಾ, ರವೆ, ಬಾರ್ಲಿಗಳನ್ನು ಜೀವಮಾನವಿಡೀ ಪೂರ್ತಿ ಬಿಡಬೇಕು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಇರುತ್ತದೆ. ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿಹಿಟ್ಟು ಅದರಲ್ಲಿ ಸೇರುತ್ತದೆ.

3. ಒಡಹುಟ್ಟಿದವರನ್ನೂ ಪರೀಕ್ಷೆಗೆ ಕರೆದೊಯ್ಯಿರಿ.

4. ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಕತ್ತಿ, ಸೊಪ್ಪು-ತರಗೆಲೆಯ ಹೊದಿಕೆಗಳಿಂದಲೇ ಕಳೆಯನ್ನು ಹತೋಟಿಯಲ್ಲಿಡಿರಿ.

5. ಯಾವ ವಿಷವನ್ನೂ ಶರಬತ್ತು, ಸೋಡಾ ಬಾಟಲಿಗಳಲ್ಲಿ ತುಂಬಿಸಿ ಮನೆಯೊಳಗೆ ಇಡಬೇಡಿರಿ.

ಪರಮಪ್ರಸಾದದ ಕುರಿತು

ಸೀಲಿಯಾಕ್ ಇರುವವರಿಗೆ ಪರಮಪ್ರಸಾದದ ಗೋಧಿರೊಟ್ಟಿಯ ಚಿಂತೆ ಸಹಜ. 2003ರಲ್ಲಿ ಮತ್ತು ಪುನಃ 2017ರಲ್ಲಿ ರೋಮಿನಿಂದ ಬಂದ ಪತ್ರಗಳು ದಾರಿ ತೋರಿಸಿವೆ. ಗ್ಲುಟೆನ್ ಸಂಪೂರ್ಣ ಇಲ್ಲದ ರೊಟ್ಟಿ ಸಲ್ಲುವುದಿಲ್ಲ, ಆದರೆ ಅತ್ಯಲ್ಪ ಗ್ಲುಟೆನ್ ಇರುವ ರೊಟ್ಟಿ ಸಲ್ಲುತ್ತದೆ. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಮೊದಲೇ ಅಂಥ ತಂದೆತಾಯಂದಿರು ಸಂಕೋಚಪಡದೆ ನಮಗೆ ತಿಳಿಸಿರಿ. ಬೇಕಾದ ಏರ್ಪಾಡನ್ನು ಮಾಡೋಣ.