ಅಳಿವೆಯ ಮರಳೂ ಕೆಸರೂ: ಅವು ತಂಗುವ ಮತ್ತು ಬಿಗಿಯುವ ಬಗೆ

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಗಜನಿ ಬೇಸಾಯಗಾರರ ತಿಳುವಳಿಕೆಗಾಗಿ)

ಗಜನಿ ಭೂಮಿಯ ಫಲವತ್ತತೆಯು ಹೊಳೆಯು ತಂದೊಡ್ಡುವ ಮೆಕ್ಕಲಿನಿಂದ ಉಂಟಾದುದು. ಆ ಭೂಮಿಯನ್ನು ಕಾಯುವ ಕಟ್ಟೆಯೂ ಅದೇ ಮೆಕ್ಕಲಿನಿಂದಲೇ ಕಟ್ಟಲ್ಪಡುತ್ತದೆ. ಈ ವರ್ಷ ಸಾಕಷ್ಟು ಎತ್ತರವಾಗಿ ತೋರುವ ಕಟ್ಟೆಯು ಮುಂದಿನ ವರ್ಷ ಕುಗ್ಗಿದ್ದು, ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ನೀರು ಒಳನುಗ್ಗುವುದುಂಟು. ಕಗ್ಗವು ಸವಳನ್ನು ಸಹಿಸುವ ತಳಿಯೇ ಆದರೂ ಎಳೆಯ ಪೈರಿಗೆ ಸಮುದ್ರದ ನೀರು ಹತ್ತಿದರೆ ಹಾನಿ ತಪ್ಪದು. ಆದುದರಿಂದ ಕೆಸರು ಏಕೆ ಕುಗ್ಗುತ್ತದೆಂಬುದನ್ನು ಬೇಸಾಯಗಾರರು ಅರಿತಿರುವುದು ಅವಶ್ಯಕ.

೧. ತಂಗುವಿಕೆ

ಕಣವು ದಪ್ಪವಾದಷ್ಟೂ ಬೇಗ ಮುಳುಗುತ್ತದೆ. ಕಣದ ಅಡ್ಡಳತೆ ಹತ್ತರಲ್ಲೊಂದು ಪಾಲಾದರೆ ಅದು ಮುಳುಗುವ ವೇಗವು ಸುಮಾರು ನೂರರಲ್ಲೊಂದು ಪಾಲಾಗುತ್ತದೆ. ಸಣ್ಣ ಕಣಗಳಿಗೆ ಅನ್ವಯಿಸುವ ಈ ನಿಯಮವನ್ನು ಸ್ಟೋಕ್ಸ್ ಎಂಬ ಗಣಿತಜ್ಞನು 1851ರಲ್ಲಿ ಪ್ರಕಟಿಸಿದನು. ನಿಂತ ಸಿಹಿನೀರಿನಲ್ಲಿ ಒಂದು ಅಡಿ ಇಳಿಯಲು ನಸುಮರಳಿಗೆ ಸುಮಾರು 15 ಸೆಕೆಂಡು, 0.02 ಮಿಲಿಮೀಟರಿನ ನುಣ್ಮಣ್ಣಿಗೆ ಸುಮಾರು ಕಾಲು ಗಂಟೆ, 0.002 ಮಿಲಿಮೀಟರಿನ ಜೇಡಿಕಣಕ್ಕೆ ಸುಮಾರು ಒಂದು ದಿನ ಬೇಕು. ಆದರೆ ಹೊಳೆಯ ನೀರು ಸಮುದ್ರದ ಉಪ್ಪಿನೊಡನೆ ಕೂಡಿದೊಡನೆ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಗಟ್ಟುತ್ತವೆ ಮತ್ತು ಅನೇಕ ಪಾಲು ವೇಗದಿಂದ ಇಳಿಯುತ್ತವೆ. ಅಳಿವೆಗಳಲ್ಲಿ ಕೆಸರು ಹೇರಳವಾಗಿ ಶೇಖರವಾಗಲು ಇದೊಂದು ಮುಖ್ಯ ಕಾರಣ.

೨. ಮರಳೂ ಕೆಸರೂ ಬೆರೆತಾಗ

ಮಿಶ್ರಣವು ತೆಳುವಾಗಿದ್ದರೆ ಮರಳು ಮೊದಲು ತಳ ಸೇರಿ, ಕೆಸರು ಅದರ ಮೇಲೆ ಪದರವಾಗಿ ಕೂಡುವುದು. ಮಿಶ್ರಣವು ಮಂದವಾಗಿ ಅಂಬಲಿಯಂತಿದ್ದರೆ ಕೆಸರೇ ಮರಳನ್ನು ಹಿಡಿದಿಡುವುದರಿಂದ ಎರಡೂ ಬೇರೆಯಾಗುವುದಿಲ್ಲ. ಮರಳೇ ಹೆಚ್ಚಿದ್ದಲ್ಲಿ ಹರಳಿಗೆ ಹರಳು ತಾಗಿ ಮೇಲಿನ ಭಾರವನ್ನು ಹೊರುತ್ತದೆ. ಅಂಥ ನೆಲವು ಹೆಚ್ಚು ಕುಗ್ಗದು, ಆದರೆ ನೀರನ್ನು ಸೋರಗೊಡುವುದು. ಜೇಡಿಯು ಸುಮಾರು ಹತ್ತರಲ್ಲೊಂದು ಪಾಲನ್ನು ಮೀರಿದರೆ ಮಣ್ಣಿಗೆ ಅಂಟು ಬಂದು ಪ್ರವಾಹವು ಅದನ್ನು ಸುಲಭವಾಗಿ ಕೊರೆಯಲಾರದು.

೩. ಬಿಗಿಯುವಿಕೆ

ಹೊಸದಾಗಿ ತಂಗಿದ ಕೆಸರಿನಲ್ಲಿ ಮಣ್ಣಿಗಿಂತಲೂ ನೀರೇ ಅಧಿಕ. ಮೇಲಿನ ಭಾರಕ್ಕೆ ಆ ನೀರು ಹಿಂಡಿಹೋದ ಹಾಗೆಲ್ಲ ನೆಲವು ಕುಗ್ಗಿ ಬಿಗಿಯುತ್ತದೆ. ಟೆರ್ಜಾಘಿಯು 1925ರ ತನ್ನ ಗ್ರಂಥದಲ್ಲಿ ವಿವರಿಸಿದಂತೆ, ಇದಕ್ಕೆ ಬೇಕಾದ ಕಾಲವು ನೀರು ಹೊರಬೀಳುವ ದಾರಿಯ ಉದ್ದದ ವರ್ಗವನ್ನು ಅನುಸರಿಸುತ್ತದೆ. ಎಂದರೆ ಒಂದು ಅಡಿ ದಪ್ಪದ ಪದರಕ್ಕಿಂತ ಮೂರು ಅಡಿಯ ಪದರಕ್ಕೆ ಮೂರು ಪಾಲಲ್ಲ, ಒಂಬತ್ತು ಪಾಲು ಕಾಲ ಹಿಡಿಯುವುದು.

ಮೃದುವಾದ ಕೆಸರು ಬಹಳವಾಗಿ ಕುಗ್ಗುವುದರಿಂದ ಈ ಲೆಕ್ಕವು ಅದಕ್ಕೆ ಪೂರ್ಣವಾಗಿ ಸಾಲದು. ಗಿಬ್ಸನ್ ಮತ್ತು ಅವರ ಸಂಗಡಿಗರು 1967ರಲ್ಲಿ ಅದನ್ನು ವಿಸ್ತರಿಸಿದರು. ಇಂದು ಎಂಜಿನಿಯರುಗಳು ಗಣಕಯಂತ್ರದಲ್ಲಿ ನೆಲವನ್ನು ತೆಳುಪದರಗಳಾಗಿ ವಿಭಾಗಿಸಿ, ಪ್ರತಿ ಪದರದ ಮರಳು–ಕೆಸರಿನ ಪ್ರಮಾಣ, ನೀರು ಸೋರುವ ಗುಣ ಮತ್ತು ಭಾರ ಹೊರುವ ಶಕ್ತಿಗಳಿಂದ ಮುಂದಿನ ಎತ್ತರವನ್ನು ಗಣಿಸುತ್ತಾರೆ. ಸ್ಥಳದ ಮಣ್ಣನ್ನು ಪರೀಕ್ಷಿಸದೆ ಮಾಡಿದ ಗಣನೆಯು ನಂಬತಕ್ಕದ್ದಲ್ಲ.

೪. ನಮ್ಮ ಹೊಳೆಗಳು

ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದ ಪ್ರವಾಹವೂ ಬೇಸಗೆಯ ಉಪ್ಪುನೀರೂ ಅದರ ಅಳಿವೆಯಲ್ಲಿ ಸರದಿಯಂತೆ ಬರುತ್ತವೆ. ಮಾಣಿಕಟ್ಟೆಯಂಥ ಗ್ರಾಮಗಳಲ್ಲಿ ಕಗ್ಗದ ಬೇಸಾಯವು ಉಳಿದಿರುವುದೂ, ಕಪ್ಪೆಚಿಪ್ಪು ಬಳಚುಗಳು ದೊರೆಯುವುದೂ ಈ ಅಳಿವೆಯಲ್ಲಿಯೇ. 2024ರಲ್ಲಿ ಇದನ್ನು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಹೊನ್ನಾವರದ ಶರಾವತಿಯಲ್ಲಾದರೋ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದ ಮೇಲೆ, ಮೇಲಿನ ಮರಳು ಜಲಾಶಯದಲ್ಲಿ ತಡೆಯಲ್ಪಡುತ್ತದೆ. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಗೆಯಲ್ಲಿಯೂ ಹರಿದು ಉಪ್ಪನ್ನು ತಗ್ಗಿಸುತ್ತದೆ. ಭಟ್ಕಳದ ವೆಂಕಟಾಪುರ ಹೊಳೆಯು ಚಿಕ್ಕದು. ಆದುದರಿಂದ ಒಂದು ಅಳಿವೆಯ ಅನುಭವವನ್ನು ಮತ್ತೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

೫. ಬೇಸಾಯಗಾರರು ಮಾಡತಕ್ಕದ್ದು

(ಅ) ಕಟ್ಟೆಗೆ ತರುವ ಮಣ್ಣನ್ನು ಗಾಜಿನ ಜಾಡಿಯಲ್ಲಿ ಅರ್ಧ ಅಡಿ ಸಿಹಿನೀರಿಗೆ ಹಾಕಿ, ಚಿಟಿಕೆ ಬಟ್ಟೆಸೋಡ ಸೇರಿಸಿ, ಚೆನ್ನಾಗಿ ಕುಲುಕಿ ಇಡುವುದು. ಒಂದು ನಿಮಿಷದಲ್ಲಿ ತಂಗಿದ್ದು ಮರಳು. ಆಮೇಲೆ ತಂಗುವುದು ನುಣ್ಮಣ್ಣು ಮತ್ತು ಜೇಡಿ. ಉಪ್ಪುನೀರಿನಲ್ಲಿ ಜೇಡಿಯು ಮುದ್ದೆಗಟ್ಟುವುದರಿಂದ ಈ ಪರೀಕ್ಷೆಗೆ ಅದು ಸಲ್ಲದು.

(ಆ) ಬರಿಯ ಮರಳಿನ ಕಟ್ಟೆ ಸೋರುವುದು. ಬರಿಯ ಜೇಡಿಯ ಕಟ್ಟೆ ಒಣಗಿ ಬಿರಿಯುವುದು. ಎರಡನ್ನೂ ಚೆನ್ನಾಗಿ ಕಲಸಿ ಉಪಯೋಗಿಸತಕ್ಕದ್ದು. ಅಡ್ಡಲಾಗಿ ಮರಳಿನ ಪದರವು ಉಳಿಯಗೊಡಬಾರದು. ನೀರು ಅದರ ಮೂಲಕವೇ ದಾರಿ ಮಾಡಿಕೊಳ್ಳುವುದು.

(ಇ) ಮಣ್ಣನ್ನು ಒಂದೇ ಸಲ ರಾಶಿ ಹಾಕದೆ ತೆಳುವಾದ ಪದರಗಳಾಗಿ ಹರಡಿ, ಪ್ರತಿಯೊಂದನ್ನೂ ದಮ್ಮಸು ಮಾಡಿ, ನೀರು ಬಸಿಯಲು ಅವಕಾಶ ಕೊಟ್ಟು ಮುಂದಿನದನ್ನು ಹಾಕುವುದು. ಈ ಕೆಲಸವನ್ನು ಬೇಸಗೆಯ ಮೊದಲಲ್ಲಿಯೇ ಆರಂಭಿಸತಕ್ಕದ್ದು.

(ಈ) ಗಟ್ಟಿನೆಲದಲ್ಲಿ ಕುಗ್ಗದ ಒಂದು ಕಲ್ಲನ್ನು ಗುರುತಾಗಿಟ್ಟುಕೊಂಡು, ಪ್ರತಿ ವರ್ಷವೂ ಮಳೆಗೆ ಮುಂಚೆ ಕಟ್ಟೆಯ ಎತ್ತರವನ್ನು ನೀರಿನ ಕೊಳವೆಯಿಂದ ಅಳೆದು ಬರೆದಿಡುವುದು. ಕೆಲವು ವರ್ಷಗಳ ಈ ಅಳತೆಯಿಂದ ಕಟ್ಟೆಯು ಎಷ್ಟು ಕುಗ್ಗುವುದೆಂದು ತಿಳಿದು, ಮೊದಲೇ ಅಷ್ಟು ಎತ್ತರವನ್ನು ಹೆಚ್ಚಿಗೆ ಕಟ್ಟಬಹುದು.

ಒಬ್ಬನ ಕಟ್ಟೆ ಒಡೆದರೆ ನೆರೆಯ ಗದ್ದೆಗಳೂ ಮುಳುಗುವುವು. ಆದಕಾರಣ ಈ ಅಳತೆಯನ್ನೂ ದುರಸ್ತಿಯನ್ನೂ ಗಜನಿಯ ಎಲ್ಲ ಹಿಡುವಳಿದಾರರು ಕೂಡಿಯೇ ನಡೆಸತಕ್ಕದ್ದು.