ಭಂಡಾರ ರೋಗ ಮತ್ತು ಅಜ್ಜನ ಜವೆ ಗೋದಿ



ಈ ಹಾಳೆಯ ಕೆಳಗೆ ಎರಡು ಗೋದಿ ಎಲೆ ಅಂಟಿಸಿದ್ದೇನೆ. ಎಡಗಡೆಯದನ್ನು ಬೆರಳಿನಿಂದ ಉಜ್ಜಿ ನೋಡ್ರಿ, ಕಿತ್ತಳೆ ಬಣ್ಣದ ಪುಡಿ ಹತ್ತುತ್ತದೆ. ಪುಸ್ತಕದಾಗ ಇದಕ್ಕ ತುಕ್ಕು ರೋಗ ಅಂತಾರ, ನಮ್ಮ ಮಂದಿ ಭಂಡಾರ ರೋಗ ಅಂತಾರ. ಬಲಗಡೆಯದು ಅಜ್ಜನ ಜವೆ ಗೋದಿ ಎಲೆ. ಅದರ ಮೇಲೆ ಸೂಜಿ ಮೊನೆಯಷ್ಟು ಬಿಳಿಚು ಚುಕ್ಕೆಗಳಿವೆ, ಪುಡಿ ಇಲ್ಲ. ಎರಡೂ ಹೊಲದ ನಡುವೆ ಇರುವುದು ಒಂದು ಬದು ಅಷ್ಟೇ. ಆದರೂ ಹೋದ ಹಿಂಗಾರಿಯಲ್ಲಿ ಅಪ್ಪ ಬಿತ್ತಿದ ಗೋದಿಯ ಕಾಳು ಸೊರಗಿಹೋತು, ಅಜ್ಜನದು ತುಂಬಿ ಬಂತು. ಹಿಂಗ್ಯಾಕ ಅಂತ ಸರ್ ಅವರನ್ನು ಕೇಳಿ, ಓದಿ ಬರೆದಿದ್ದೇನೆ.

ಆ ಪುಡಿ ಒಂದು ಶಿಲೀಂಧ್ರದ ಬೀಜಕಣ. ನಮ್ಮ ಬ್ಯಾಸಗಿ ಬಿಸಿಲಿಗೆ ಅದು ಬದುಕುವುದಿಲ್ಲ. ಹಾಗಾದರೆ ಪ್ರತಿ ವರ್ಷ ಎಲ್ಲಿಂದ ಬರುತ್ತದೆ? ದಕ್ಷಿಣದ ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದು ಗಾಳಿಯ ಮೇಲೆ ಬರುತ್ತದೆ ಎಂಬುದನ್ನು ಆಗ್ರಾದ ಕೆ.ಸಿ. ಮೆಹ್ತಾ ಅವರು 1940ರ ಹೊತ್ತಿಗೇ ತೋರಿಸಿದ್ದರು. ಅಂದರೆ ಉತ್ತರದ ಪಂಜಾಬಿಗೆ ಹೋಗುವ ಮೊದಲೇ ನಮ್ಮ ಎರಿ ಹೊಲಕ್ಕೆ ಈ ಬೀಗರು ಬಂದಿರುತ್ತಾರೆ!

ಬೀಜಕಣ ಎಲೆಯ ಸಣ್ಣ ರಂಧ್ರದಿಂದ ಒಳಹೊಕ್ಕು ಜೀವಕೋಶಕ್ಕೆ ಕೊಳವೆ ಚುಚ್ಚುತ್ತದೆ. ಎಲೆಯ ಕಾವಲು ತಪ್ಪಿಸಲು ತನ್ನ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಜವೆ ಗೋದಿಯಲ್ಲಿ ಅಂಥ ಪ್ರೋಟೀನನ್ನು ಗುರುತು ಹಿಡಿಯುವ ಕಾವಲುಗಾರ ಇದ್ದಾನೆ. ಅವನು ಕೂಗು ಹಾಕಿದ ಕೂಡಲೇ ಸುತ್ತಲಿನ ಜೀವಕೋಶಗಳು ತಾವೇ ಸಾಯುತ್ತವೆ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಕೋಶವೇ ಊಟ, ಸತ್ತದ್ದು ನಡೆಯುವುದಿಲ್ಲ. ಬಣವಿಗೆ ಬೆಂಕಿ ಬಿದ್ದಾಗ ನಡುವಿನ ಹುಲ್ಲು ಕಿತ್ತು ಒಗೀತಾರಲ್ಲ, ಹಂಗ. ಆ ಬಿಳಿಚು ಚುಕ್ಕೆ ಅಂದರೆ ಇದೇ: ರೋಗ ಬಂದಿತ್ತು, ಹಸಿದು ಸತ್ತಿತು.

ಈ ಕಾವಲುಗಾರರನ್ನು ಮಾಡುವ ಜೀನ್‌ಗಳದು ದೊಡ್ಡ ಮನೆತನ. ಅಡ್ಡಹೆಸರು ಒಂದೇ, ಎನ್‌ಎಲ್‌ಆರ್. ಆದರೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಕಳ್ಳನ ಗುರುತು. ಒಂದು ಜೀನ್ ನಕಲಾಗಿ ಎರಡಾಗುತ್ತದೆ, ನಕಲು ಮುಂದೆ ಸ್ವಲ್ಪ ಬದಲಾಗಿ ಬೇರೆ ಕಳ್ಳನನ್ನು ಹಿಡಿಯಲು ಕಲಿಯುತ್ತದೆ. ಸಾದಾ ಗೋದಿಯಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು ಇವೆ. ನಮ್ಮ ಓಣಿಯಾಗೂ ಇಷ್ಟು ದೊಡ್ಡ ಮನೆತನ ಇಲ್ಲ.

ಇಷ್ಟಿದ್ದರೂ ಅಪ್ಪನ ಗೋದಿ ಯಾಕೆ ಸೋತಿತು? ಕಳ್ಳ ವೇಷ ಬದಲಿಸುತ್ತಾನೆ. ಕಾವಲುಗಾರ ಗುರುತಿಸುವ ಪ್ರೋಟೀನನ್ನೇ ಶಿಲೀಂಧ್ರ ಬದಲಿಸಿಬಿಟ್ಟರೆ ಮುಗಿಯಿತು. ಜಗತ್ತಿನ ಬಹಳಷ್ಟು ತಳಿಗಳು ಎಸ್‌ಆರ್ 31 ಎಂಬ ಒಂದೇ ಜೀನ್ ನಂಬಿಕೊಂಡಿದ್ದವು. 1998ರಲ್ಲಿ ಉಗಾಂಡಾದಲ್ಲಿ ಕಂಡ ಕಪ್ಪು ತುಕ್ಕು ಅದನ್ನು ದಾಟಿತು. ಅದಕ್ಕೆ ಯುಜಿ 99 ಎಂದು ಹೆಸರು.

ಈಗ ನನಗೆ ಭಾಳ ಖುಷಿ ಕೊಟ್ಟ ಸಂಗತಿ. ಜವೆ ಗೋದಿಯನ್ನು ಗಡಿಯ ಕಡೆ ಖಪ್ಲಿ ಅಂತಾರ. ಕಪ್ಪು ತುಕ್ಕಿನ ಬಗೆಗಳನ್ನು ಪತ್ತೆ ಹಚ್ಚಲು 1922ರಲ್ಲಿ ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವಿನ್ ಆರಿಸಿದ 12 ಗೋದಿಗಳಲ್ಲಿ ಖಪ್ಲಿಯೂ ಒಂದು. ಆಸ್ಟ್ರೇಲಿಯಾದ ವಾಟರ್‌ಹೌಸ್ ಖಪ್ಲಿಯನ್ನು ತಮ್ಮ ಗೋದಿಯೊಂದಿಗೆ ಕೂಡಿಸಿ ಖಪ್‌ಸ್ಟೈನ್ ತಳಿ ಮಾಡಿದರು. ಖಪ್ಲಿಯಲ್ಲಿರುವ ಎಸ್‌ಆರ್ 13 ಜೀನನ್ನು 2017ರಲ್ಲಿ ವಿಜ್ಞಾನಿಗಳು ಬಿಡಿಸಿ ತೆಗೆದರು. ಅದು ಇದೇ ಎನ್‌ಎಲ್‌ಆರ್ ಮನೆತನದ್ದು, ಯುಜಿ 99ಕ್ಕೂ ಜಗ್ಗುವುದಿಲ್ಲ, ಬಿಸಿಲಿದ್ದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದನ್ನೂ ದಾಟುವ ತುಕ್ಕು ಇಥಿಯೋಪಿಯಾದಲ್ಲಿ ಸಿಕ್ಕಿದೆ.

ಹಾಗಿದ್ದರೆ ಎಲ್ಲರೂ ಜವೆ ಯಾಕೆ ಬಿತ್ತುವುದಿಲ್ಲ? ಹಳೆಯ ಜವೆ ಎತ್ತರ, ಗಾಳಿಗೆ ಮಲಗುತ್ತದೆ. ಸಿಪ್ಪೆ ಬಿಡಿಸುವುದೂ ಕಷ್ಟ. ಇಳುವರಿ ಕಡಿಮೆ ಅಂತ ಅಪ್ಪ ಬಿಟ್ಟದ್ದು ಸುಳ್ಳಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಗಿಡ್ಡ ಜವೆ ತಳಿ ಮಾಡಿದ್ದಾರೆ, ಡಿಡಿಕೆ 1025, ಡಿಡಿಕೆ 1029 ಅಂತ. ಅಜ್ಜ ಮಾತ್ರ ಹುಗ್ಗಿಗೆ ಹಳೇದs ಬೇಕು ಅಂತಾನ.

ಈ ಸಲ ಬದುವಿನ ಆಚೆ ಏನು ಬಿತ್ತಬೇಕು ಅಂತ ಮನೆಯಲ್ಲಿ ಇನ್ನೂ ಜಗಳ ನಡೆದಿದೆ. ಅಜ್ಜಿ ಎರಡು ಸೇರು ಜವೆ ಬೀಜ ಬೇವಿನೆಲೆ ಹಾಕಿ ತೆಗೆದಿಟ್ಟಾಳ.