ಸಾಕಿದ ನಾಯಿ ಕಳ್ಳರ ಪಾಲಾಗದಂತೆ



ಎತ್ತು ಕಳುವಾದರೆ ಊರಿಗೆ ಊರೇ ಎದ್ದು ಹುಡುಕುತ್ತದೆ. ಕುರಿ ಕಳುವಾದರೆ ಸಂತೆ ಸಂತೆ ಸುತ್ತುತ್ತೇವೆ. ನಾಯಿ ಕಾಣದಾದರೆ ಮಾತ್ರ, ‘ಎಲ್ಲೋ ಹೋಗಿರಬೇಕು ಬಿಡ್ರಿ, ಹಸಿವಾದರ ತಾನ ಬರತೈತಿ’ ಎಂದು ಸುಮ್ಮನಾಗುತ್ತೇವೆ. ನಾವು ಹೀಗೆ ಎರಡು ದಿನ ಕಾಯುವಷ್ಟರಲ್ಲಿ ನಾಯಿ ಎರಡು ಜಿಲ್ಲೆ ದಾಟಿರಬಹುದು. ಆದ್ದರಿಂದ ಈ ಹೊತ್ತು, ಸಾಕಿದ ನಾಯಿಯನ್ನು ಕಳ್ಳರಿಂದ ಕಾಯ್ದುಕೊಳ್ಳುವುದು ಹೇಗೆ, ಕಳೆದರೆ ಮರಳಿ ಪಡೆಯುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ಮುಧೋಳ ನಾಯಿಯನ್ನು ಹಿಡಿಯೋಣ. ಸಾಮಾನ್ಯ ನಾಡ ನಾಯಿಯನ್ನು ಸಾಕಿದವರಿಗೂ ಮಾತು ಅದೇ.

ಕಳ್ಳನಿಗೆ ನಾಯಿ ಏತಕ್ಕೆ ಬೇಕು ಎನ್ನಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ಉದ್ದ ಮೋರೆಯ, ಸಣ್ಣ ನಡುವಿನ ಬೇಟೆನಾಯಿ ಮೊದಲು ಕುರುಬರ ಹಟ್ಟಿಯಲ್ಲಿ, ಒಕ್ಕಲಿಗರ ಹೊಲದಲ್ಲಿ ತನ್ನಷ್ಟಕ್ಕೆ ತಾನಿತ್ತು. ೨೦೦೫ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಅಂಚೆಚೀಟಿ ಹೊರಡಿಸಿದರು. ೨೦೧೬ರಲ್ಲಿ ಸೇನೆಯವರು ಮರಿಗಳನ್ನು ಒಯ್ದು ಮೇರಠದಲ್ಲಿ ತರಬೇತಿಗೆ ಹಚ್ಚಿದರು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಅದರ ಹೆಸರು ಹೇಳಿದರು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಹೆಸರು ಬಂದಿತು, ಹೆಸರಿನ ಹಿಂದೆ ಬೆಲೆ ಬಂದಿತು, ಬೆಲೆಯ ಹಿಂದೆ ಕಳ್ಳನ ಕಣ್ಣೂ ಬಂದಿತು.

ಪಟ್ಟಣದವರಿಗೆ ನಾಯಿ ಹೋದರೆ ಮನಸ್ಸಿಗೆ ನೋವು. ಕುರಿ ಕಾಯುವವನಿಗೆ ನೋವಿನ ಜೊತೆಗೆ ಹಾನಿಯೂ ಉಂಟು. ಹಿಂಡನ್ನು ಪರ ಊರಿನ ಹೊಲದಲ್ಲಿ ಗೊಬ್ಬರಕ್ಕೆಂದು ನಿಲ್ಲಿಸಿದ ರಾತ್ರಿ, ತೋಳ ಬಂದದ್ದನ್ನು ಮೊದಲು ತಿಳಿಯುವುದು ನಾಯಿಗೆ. ಆ ನಾಯಿ ಇಲ್ಲದ ರಾತ್ರಿ ಮನೆಮಂದಿಯೆಲ್ಲ ಸರದಿಯ ಮೇಲೆ ಎಚ್ಚರಿರಬೇಕು. ಬೇರೆ ಮರಿ ತಂದರಾಯಿತು ಎನ್ನುವಂತಿಲ್ಲ. ಮರಿ ಬೆಳೆದು, ತನ್ನ ಹಿಂಡು ಯಾವುದು, ತನ್ನ ಮಂದಿ ಯಾರು ಎಂದು ಗುರುತು ಹಿಡಿದು ಕಾವಲಿಗೆ ಒದಗಬೇಕಾದರೆ ವರ್ಷ, ಒಂದೂವರೆ ವರ್ಷ ಬೇಕು. ಅಷ್ಟರೊಳಗೆ ಎಷ್ಟು ಮರಿಗುರಿ ಹೋದಾವು, ನೀವೇ ಲೆಕ್ಕ ಹಾಕಿರಿ.

ಕಳ್ಳತನ ನಡೆಯುವ ಬಗೆ ಹಳೆಯದು. ೧೮೬೦ರ ದಂಡಸಂಹಿತೆಯಲ್ಲಿ ಕಳವು ಎಂದರೇನು ಎಂದು ತಿಳಿಸಲು ಕೆಲವು ಉದಾಹರಣೆ ಕೊಟ್ಟಿದ್ದರು. ಅದರಲ್ಲಿ ಒಂದು ನಾಯಿಯದೇ. ಒಬ್ಬನು ಕಿಸೆಯಲ್ಲಿ ನಾಯಿಯ ತಿನಿಸು ಇಟ್ಟುಕೊಂಡು ಹೋಗುತ್ತಾನೆ, ಪರರ ನಾಯಿ ಅದರ ವಾಸನೆಗೆ ಅವನ ಬೆನ್ನು ಹತ್ತುತ್ತದೆ. ಅವನ ಮನಸ್ಸಿನಲ್ಲಿ ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶವಿದ್ದರೆ, ನಾಯಿ ಹಿಂಬಾಲಿಸಲು ತೊಡಗಿದ ಗಳಿಗೆಗೇ ಕಳವು ಆದಂತೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಕಲಮಿನಲ್ಲಿಯೂ ಇದೇ ಉದಾಹರಣೆಯನ್ನು ಉಳಿಸಿಕೊಂಡಿದ್ದಾರೆ. ‘ನಾಯಿ ತಾನ ನನ್ನ ಹಿಂದ ಬಂತು, ನಾನೇನು ಕಟ್ಟಿ ಎಳಕೊಂಡು ಬಂದಿಲ್ಲ’ ಎಂಬ ವಾದಕ್ಕೆ ಕಾನೂನು ಅಂದೇ ಉತ್ತರ ಬರೆದಿಟ್ಟಿದೆ ನೋಡಿ.

ಹಾಗಾದರೆ ಕಾವಲು ಎಲ್ಲಿಂದ ಶುರುವಾಗಬೇಕು? ನಾಯಿಯ ಹೊಟ್ಟೆಯಿಂದ. ನಮ್ಮ ಕಡೆ, ನಾಯಿಗೆ ಹೊಟ್ಟೆ ತುಂಬ ಹಾಕಿದರೆ ಮೈಗಳ್ಳನಾಗುತ್ತದೆ, ಅರೆಹೊಟ್ಟೆಯಲ್ಲಿದ್ದರೆ ಚುರುಕಾಗಿರುತ್ತದೆ ಎಂದು ನಂಬಿದವರಿದ್ದಾರೆ. ಈ ನಂಬಿಕೆ ಕಳ್ಳನಿಗೆ ಬಹಳ ಅನುಕೂಲ. ಹಸಿದ ನಾಯಿ ರೊಟ್ಟಿ ತೋರಿಸಿದವನ ಹಿಂದೆ ಹೋಗುತ್ತದೆ. ದಿನಕ್ಕೆ ಎರಡು ಹೊತ್ತು, ಗೊತ್ತಾದ ವೇಳೆಗೆ, ಗೊತ್ತಾದ ಪಾತ್ರೆಯಲ್ಲಿ, ಮನೆಯವರೇ ಹಾಕಬೇಕು. ಹಾದಿಹೋಕರು, ನೆಂಟರು, ಮಕ್ಕಳ ಗೆಳೆಯರು ಎಲ್ಲರೂ ಒಂದೊಂದು ತುತ್ತು ಎಸೆಯುವ ರೂಢಿ ಬೇಡ.

ಮರಿ ಐದಾರು ತಿಂಗಳಿನದಾದಾಗ ಇನ್ನೊಂದು ಪಾಠ ಕಲಿಸಬಹುದು. ಮರಿಗೆ ಹೆಚ್ಚು ಬಳಕೆಯಿಲ್ಲದ ನೆರೆಯವರೊಬ್ಬರನ್ನು ಕರೆಯಿರಿ. ಅವರು ಅಂಗೈಯಲ್ಲಿ ರೊಟ್ಟಿಯ ಚೂರು ಹಿಡಿದು ಚಾಚಲಿ. ಮರಿ ಮೂತಿ ಹಚ್ಚಲು ಬಂದೊಡನೆ ಅವರು ಕೈ ಮುಚ್ಚಬೇಕು, ನೀವು ‘ಬ್ಯಾಡ’ ಎನ್ನಬೇಕು. ಮರಿ ಮುಖ ತಿರುಗಿಸಿ ನಿಮ್ಮ ಕಡೆ ನೋಡಿತೋ, ಆಗ ನಿಮ್ಮ ಕೈಯಿಂದ ಒಂದು ಒಳ್ಳೆಯ ತುತ್ತು ಕೊಡಿರಿ, ಬೆನ್ನು ತಟ್ಟಿರಿ. ದಿನಕ್ಕೆ ನಾಲ್ಕೈದು ಸಲ, ಆಳು ಬದಲಿಸಿ, ಜಾಗ ಬದಲಿಸಿ ಮಾಡಿರಿ. ಹೊಡೆಯಬಾರದು. ಹೊಡೆತ ತಿಂದ ನಾಯಿ ಒಡೆಯನಿಗೆ ಅಂಜುತ್ತದೆಯೇ ಹೊರತು ಪರರ ತುತ್ತನ್ನು ಬಿಡಲು ಕಲಿಯುವುದಿಲ್ಲ. ಈ ಪಾಠದಿಂದ ಇನ್ನೊಂದು ಲಾಭವೂ ಉಂಟು: ಮನೆ ಕನ್ನ ಹಾಕಲು ಬಂದವರು ವಿಷ ಬೆರೆಸಿ ಎಸೆದ ತುಂಡಿಗೂ ನಾಯಿ ಸುಲಭವಾಗಿ ಬಾಯಿ ಹಾಕುವುದಿಲ್ಲ. ಎಲ್ಲ ನಾಯಿಗಳೂ ಪೂರಾ ಕಲಿಯುತ್ತವೆ ಎಂದು ಹೇಳಲಾರೆ. ಆದರೆ ಕಲಿತಷ್ಟು ಒಳ್ಳೆಯದೇ.

ಡಾಂಬರು ರಸ್ತೆಯ ಪಕ್ಕದ ಗಿಡಕ್ಕೆ ನಾಯಿ ಕಟ್ಟಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು ಒಳ್ಳೆಯದಲ್ಲ. ಬಿಟ್ಟ ನಾಯಿಯನ್ನು ಹಿಡಿಯಬೇಕಾದರೆ ಕಳ್ಳ ಪುಸಲಾಯಿಸಬೇಕು. ಕಟ್ಟಿದ ನಾಯಿಗೆ ಓಡಲು ದಾರಿಯೇ ಇರುವುದಿಲ್ಲ. ಹಿತ್ತಲಲ್ಲಿ, ಹಾದಿಗೆ ಕಾಣದ ಕಡೆ, ನೆರಳು-ನೀರು ಇರುವಲ್ಲಿ ಇರಲಿ. ಮುಧೋಳದ ದೊಡ್ಡ ನಾಯಿ ಪರರ ಕೈಯನ್ನು ಮೈಮೇಲೆ ಸಹಿಸುವುದು ಕಡಿಮೆ. ಮರಿಗೆ ಆ ಬಿಗುವು ಎಲ್ಲಿಯದು! ಚೀಲದೊಳಗೆ ಹಾಕಿದರೆ ಸುಮ್ಮನೆ ಹೋಗುತ್ತದೆ. ಮರಿ ಹಾಕಿದ ಸುದ್ದಿಯನ್ನು ಚಹದ ಅಂಗಡಿಯಲ್ಲಿ ಸಾರುವುದು, ಮೊಬೈಲಿನಲ್ಲಿ ಊರ ಹೆಸರು ಸಹಿತ ಚಿತ್ರ ಹರಿಬಿಡುವುದು, ಇವನ್ನು ಕೊಳ್ಳುವವರು ಗೊತ್ತಾಗುವವರೆಗಾದರೂ ತಡೆದುಕೊಳ್ಳಿರಿ. ಹೆಣ್ಣು ನಾಯಿ ಬೆದೆಗೆ ಬಂದಾಗ ಸುಮಾರು ಮೂರು ವಾರ ಒಳಗೇ ಇಡಿರಿ. ಆಗ ಹೆಣ್ಣೂ ಅಲೆಯುತ್ತದೆ, ಅದರ ವಾಸನೆಗೆ ಗಂಡೂ ಊರು ಬಿಡುತ್ತದೆ.

ಇನ್ನು ಗುರುತಿನ ಮಾತು. ಸಿಕ್ಕ ನಾಯಿ ನಿಮ್ಮದೇ ಎಂದು ತೋರಿಸುವುದು ಹೇಗೆ? ‘ನಾನು ಕರದರ ಓಡಿ ಬರತೈತ್ರಿ’ ಎಂದರೆ, ‘ನಾ ಕರದರೂ ಬರತೈತಿ’ ಎಂದು ಎದುರಿನವನು ಅನ್ನುತ್ತಾನೆ. ಕೊರಳಪಟ್ಟಿಯ ಮೇಲೆ ಹೆಸರು, ಫೋನ್ ನಂಬರು ಕೆತ್ತಿಸುವುದು ಒಳ್ಳೆಯದು, ಆದರೆ ಕಳ್ಳ ಮೊದಲು ಬಿಚ್ಚಿ ಎಸೆಯುವುದು ಆ ಪಟ್ಟಿಯನ್ನೇ. ಮೈಮೇಲಿನ ಗುರುತನ್ನು ಬಿಚ್ಚಲಾಗುವುದಿಲ್ಲ. ಎದೆಯ ಬಿಳಿ ಮಚ್ಚೆ, ಉಗುರಿನ ಬಣ್ಣ, ಹಳೆಯ ಗಾಯದ ಕಲೆ, ಬಾಲದ ತುದಿ, ಇವು ಕಾಣುವಂತೆ ಎರಡೂ ಮಗ್ಗುಲಿನ ಚಿತ್ರ ತೆಗೆಯಿರಿ. ಮನೆಯವರೊಬ್ಬರು ನಾಯಿಯ ಜೊತೆ ನಿಂತ ಚಿತ್ರವೂ ಇರಲಿ. ಮರಿ ಬೆಳೆಯುತ್ತ ರೂಪ ಬದಲಾಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಹೊಸದು ಬೇಕು. ಮೂರು ತಿಂಗಳ ವಯಸ್ಸಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದಾಗ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿದಾಗ, ಚೀಟಿಯಲ್ಲಿ ಒಡೆಯನ ಹೆಸರು, ನಾಯಿಯ ಬಣ್ಣ, ಮಚ್ಚೆ ಬರೆಸಿಕೊಳ್ಳಿರಿ. ರೋಗಕ್ಕೆ ಹಾಕಿಸಿದ ಸೂಜಿ ಒಡೆತನಕ್ಕೂ ಸಾಕ್ಷಿಯಾಗುತ್ತದೆ. ಗುರುತಿಗೆಂದು ಬರೆ ಹಾಕುವುದು, ಕಿವಿ ಕೊಯ್ಯುವುದು ಬೇಡ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ ಅದು ನಿಮ್ಮ ಮೇಲೆಯೇ ಬಂದೀತು.

ಮೈಕ್ರೋಚಿಪ್ ಎಂಬುದೊಂದು ಇದೆ. ಅಕ್ಕಿಕಾಳಿನಷ್ಟು ಇರುತ್ತದೆ, ಪಶುವೈದ್ಯರು ಹೆಗಲುಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ೧೫ ಅಂಕಿಯ ಒಂದು ನಂಬರು ಇರುತ್ತದೆ, ಓದುವ ಯಂತ್ರವನ್ನು ಹತ್ತಿರ ಹಿಡಿದರೆ ಕಾಣುತ್ತದೆ. ನಾಯಿ ಈಗ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಅನೇಕರು ಹಾಗೆಂದು ತಪ್ಪು ತಿಳಿದಿದ್ದಾರೆ. ನಾಯಿ ಯಾರದು ಎಂಬ ಜಗಳ ಬಂದಾಗ ಅದರ ಉಪಯೋಗ. ಬೆಲೆಯುಳ್ಳ ನಾಯಿ ಇದ್ದವರು ವೈದ್ಯರನ್ನು ಕೇಳಿ ನೋಡಿರಿ.

ಇಷ್ಟಾದರೂ ಕಳುವಾದರೆ ಅದೇ ದಿನ ಠಾಣೆಗೆ ಹೋಗಿ ಲಿಖಿತ ದೂರು ಕೊಡಿರಿ. ಹಿಂಡಿನ ಜೊತೆ ಪರಜಿಲ್ಲೆಯಲ್ಲಿ ಇದ್ದೀರಾ? ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು, ಹದ್ದು ನಮ್ಮದಲ್ಲವೆಂದು ತಿರುಗಿಸಿ ಕಳಿಸುವಂತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕಳ್ಳರ ಗಾಡಿ ಕಣ್ಣೆದುರಿಗೇ ಇದ್ದರೆ ೧೧೨ಕ್ಕೆ ಫೋನು ಮಾಡಿರಿ, ನಂಬರು ಬರೆದುಕೊಳ್ಳಿರಿ. ಹಿಡಿದು ಬಡಿಯಲು ಹೋಗಬೇಡಿರಿ.

ದೂರಿನಲ್ಲಿ ಮರೆಯಬಾರದ ಸಂಗತಿ ನಾಯಿಯ ಬೆಲೆ. ಕಳುವಾದ ಮಾಲು ೫೦೦೦ ರೂಪಾಯಿಗಿಂತ ಕಡಿಮೆಯದಾದರೆ, ಹೊಸ ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನಮ್ಮಲ್ಲಿ ಮರಿಯನ್ನು ಬೀಗರು ಕೊಡುತ್ತಾರೆ, ಗೆಳೆಯರು ಕೊಡುತ್ತಾರೆ, ರಸೀದಿ ಎಲ್ಲಿಂದ ಬರಬೇಕು? ಹೀಗಾಗಿ ‘ಪುಕ್ಕಟೆ ಬಂದದ್ದು’ ಎಂದು ಹೇಳಿ ಕೈತೊಳೆದುಕೊಳ್ಳಬೇಡಿರಿ. ಅಂಥ ನಾಯಿಗೆ ಈಗ ನಡೆಯುವ ಬೆಲೆ ಎಷ್ಟೋ ಅಷ್ಟನ್ನು ಬರೆಯಿರಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೊಂಡದ್ದಾದರೆ ಚೀಟಿ ಬರೆಸಿಕೊಂಡು ಹೊಲದ ಕಾಗದಗಳ ಜೊತೆಯಲ್ಲಿಡಿರಿ.

ಮರಿ ಕೊಳ್ಳುವವರೂ ಕೇಳಬೇಕು. ತಾಯಿನಾಯಿಯನ್ನು ತೋರಿಸೆಂದರೆ ತಡವರಿಸುವವನ, ಸಂತೆಯ ಅಂಚಿನಲ್ಲಿ ಅರ್ಧ ಬೆಲೆಗೆ ಕೊಡುವವನ ಹತ್ತಿರ ವ್ಯವಹಾರ ಬೇಡ. ಕದ್ದದ್ದೆಂದು ಗೊತ್ತಿದ್ದೂ ಕೊಂಡವನಿಗೆ ೩೧೭ನೆಯ ಕಲಮಿನ ಕೆಳಗೆ ಮೂರು ವರ್ಷದ ವರೆಗೆ ಸಜೆಯಾಗಬಹುದು.

ನಾಯಿ ಮರಳಿ ಸಿಕ್ಕರೆ ಸಂತೋಷದ ಭರದಲ್ಲಿ ನೇರವಾಗಿ ಹಿಂಡಿಗೆ ಬಿಡಬೇಡಿರಿ. ಮೊದಲು ಪಶುವೈದ್ಯರಿಗೆ ತೋರಿಸಿರಿ. ಬೇರೆ ನಾಯಿ ಕಚ್ಚಿದ ಗಾಯವಿದ್ದರೆ, ಲಸಿಕೆಯ ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಉಣ್ಣೆಹುಳ ತೆಗೆಸಿ, ಕೆಲವು ದಿನ ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು ನೋಡಿಕೊಳ್ಳಿರಿ. ಹೋದಾಗ ಇದ್ದ ಸಲಿಗೆ ಬಂದಾಗ ಇರುವುದಿಲ್ಲ. ನಾಲ್ಕಾರು ದಿನ ಅದರ ಹಳೆಯ ಪಾತ್ರೆಯಲ್ಲಿ, ಹಳೆಯ ವೇಳೆಗೆ ಉಣ್ಣಿಸಿದರೆ ತಾನಾಗಿ ಕುರಿಯ ಕಡೆ ಮುಖ ಮಾಡುತ್ತದೆ.